18 ವ್ಯಾಟ್ ಎಲ್‌ಇಡಿ ಸೀಲಿಂಗ್ ಲೈಟ್: ಬೆಳಕು ಚೆನ್ನ, ವೈರ್ ಮೋಟು

ಅಡುಗೆಮನೆಯ ಹಳೇ ಬಲ್ಬ್ ಹೋಲ್ಡರ್ ತೆಗೆದು, ಅದೇ ಜಾಗಕ್ಕೆ 18 ವ್ಯಾಟಿನ ದುಂಡನೆಯ ಸರ್ಫೇಸ್ ಎಲ್‌ಇಡಿ ಲೈಟ್ ಹಾಕಿದೆವು. ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲಿ ತಂದಿದ್ದು. ಕಂಪನಿ ಹೆಸರು ಬೇಡ, ಯಾವ ಕಂಪನಿಯದು ಕೊಂಡರೂ ನೋಡಲೇಬೇಕಾದ ವಿಷಯ ಇದು.

ಬೆಳಕಿಗೆ ಪೂರ್ತಿ ಅಂಕ. 4000 ಕೆಲ್ವಿನ್‌ನದು ತಗೊಂಡೆವು (ಬೆಳಕಿನ ಬಣ್ಣ ಹೇಳುವ ಅಳತೆ ಇದು). 6500 ಅಂದ್ರೆ ನೀಲಿ ಬೆರೆತ ಬಿಳುಪು, 3000 ಹಳದಿ, ಇದು ನಡುವಿನದು. ಸೊಪ್ಪು ಬಿಡಿಸುವಾಗ ಹಣ್ಣೆಲೆ ಯಾವುದು, ಹುಳು ತಿಂದಿದ್ದು ಯಾವುದು ಅಂತ ಸಲೀಸಾಗಿ ಕಾಣುತ್ತದೆ.

ತಕರಾರು ಇರುವುದು ಹಿಂಭಾಗದಲ್ಲಿ. ಡ್ರೈವರ್, ಅಂದ್ರೆ ಮನೆಯ ಕರೆಂಟನ್ನು ಎಲ್‌ಇಡಿಗೆ ತಕ್ಕಂತೆ ಬದಲಿಸಿ ಕೊಡುವ ಪುಟ್ಟ ಡಬ್ಬಿ, ಅದರಿಂದ ಹೊರಬರುವ ವೈರ್ ನಾಲ್ಕು ಬೆರಳಗಲವೂ ಇಲ್ಲ. ಸೀಲಿಂಗ್‌ನಿಂದ ಇಳಿದಿರುವ ವೈರೂ ಗಿಡ್ಡ. ಏಣಿ ಮೇಲೆ ನಿಂತು, ತಲೆ ಮೇಲೆತ್ತಿ, ಒಂದು ಕೈಯಲ್ಲಿ ಲೈಟ್ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಈ ಎರಡು ಮೋಟು ತುದಿಗಳನ್ನು ಸೇರಿಸಬೇಕು ಅಂದ್ರೆ ಹೇಗೆ ಹೇಳಿ? ಡಬ್ಬಿಯಲ್ಲಿ ಕನೆಕ್ಟರ್ ಕೂಡ ಇಟ್ಟಿಲ್ಲ. ಸುಮ್ನೆ ತಿರುಚಿ ಟೇಪ್ ಸುತ್ತುವುದು ನಮ್ಮಲ್ಲಿ ವಾಡಿಕೆ, ಆದರೆ ಬಿಸಿಗೆ ಟೇಪಿನ ಅಂಟು ಬಿಡುತ್ತದೆ, ಜಾಯಿಂಟ್ ಸಡಿಲವಾದರೆ ಅಲ್ಲೇ ಕಾದು ಸುಡುತ್ತದೆ. ಸ್ಕ್ರೂ ಹಾಕಿ ಬಿಗಿಯುವ ಕನೆಕ್ಟರ್ ಬೇರೆ ತಂದು ಹಾಕಿದೆವು. ಇಷ್ಟು ಚಿಕ್ಕ ಸಾಮಾನನ್ನು ಕಂಪನಿಯವರೇ ಕೊಡಬಹುದಿತ್ತು, ಅಲ್ವಾ?

ಮೆಚ್ಚಿದ ಸಂಗತಿಯೂ ಇದೆ. ಡ್ರೈವರ್ ಬೇರೆಯಾಗಿದೆ, ಪಿನ್ ಕಿತ್ತು ಬದಲಿಸಬಹುದು. ಇಂಥ ಲೈಟುಗಳಲ್ಲಿ ಎಷ್ಟೋ ಸಲ ಮೊದಲು ಕೈಕೊಡುವುದು ಡ್ರೈವರೇ. ಹೊಸ ಡ್ರೈವರ್ ತರುವಾಗ ಬರೀ ವ್ಯಾಟ್ ನೋಡಬೇಡಿ. ಅದರ ಮೇಲೆ ಅಚ್ಚಾಗಿರುವ ಔಟ್‌ಪುಟ್ ಮಿಲಿಆಂಪಿಯರ್ ಮತ್ತು ವೋಲ್ಟೇಜ್ ಹಳೆಯದಕ್ಕೆ ಹೊಂದಬೇಕು. ಲೈಟಿನ ಮೈ ಅಲ್ಯೂಮಿನಿಯಂ, ಅದಕ್ಕೆ ಅರ್ಥಿಂಗ್ ಕಟ್ಟಲು ಸ್ಕ್ರೂ ಇದೆ. ಅದನ್ನು ಖಾಲಿ ಬಿಡಬೇಡಿ.

ಇನ್ನೊಂದು ಮಾತು, ಇದು ಜೀವದ ವಿಷಯ. ನಮ್ಮದು ಹಳೇ ಮನೆ. ಸ್ವಿಚ್ ಆಫ್ ಇದ್ದರೂ ಹೋಲ್ಡರ್‌ಗೆ ಟೆಸ್ಟರ್ ಇಟ್ಟರೆ ಅದರ ದೀಪ ಹತ್ತುತ್ತಿತ್ತು. ಸ್ವಿಚ್ಚನ್ನು ಫೇಸ್ (ಕರೆಂಟ್ ಬರುವ ವೈರ್) ಬದಲು ನ್ಯೂಟ್ರಲ್ (ವಾಪಸ್ ಹೋಗುವ ವೈರ್) ವೈರಿಗೆ ಹಾಕಿದ್ದರು! ಅಂದ್ರೆ ಬಲ್ಬ್ ಆರಿದ್ದರೂ ಹೋಲ್ಡರ್‌ನಲ್ಲಿ 230 ವೋಲ್ಟ್ ಇದ್ದೇ ಇತ್ತು. ಅದಕ್ಕೇ ಸ್ವಿಚ್ ನಂಬಬೇಡಿ, ಮೀಟರ್ ಹತ್ತಿರದ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಎಂಸಿಬಿ ಇಳಿಸಿ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಸಾಕೆಟ್‌ನಲ್ಲಿ ಹಾಕಿ, ಅದು ಸರಿ ಇದೆಯಾ ನೋಡಿ, ಆಮೇಲೆ ಇಲ್ಲಿಗೆ ಇಡಿ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್ ಅನ್ನುವುದು ರೂಢಿ, ಹಳೇ ಮನೆಗಳಲ್ಲಿ ಬಣ್ಣ ನೋಡಿ ಕೈ ಹಾಕುವ ಹಾಗಿಲ್ಲ. ಹೀಗೆ ಸ್ವಿಚ್ ನ್ಯೂಟ್ರಲ್‌ಗೆ ಹಾಕಿದ ವೈರಿಂಗಿಗೆ ಎಲ್‌ಇಡಿ ಹಾಕಿದರೆ ಆಫ್ ಮಾಡಿದ ಮೇಲೂ ಮಂಕಾಗಿ ಉರಿಯುವುದುಂಟು. ಲೈಟೇ ಕೆಟ್ಟಿದೆ ಅಂತ ವಾಪಸ್ ಕೊಡುವ ಮುಂಚೆ ಸ್ವಿಚ್ ಬೋರ್ಡ್ ಬಿಚ್ಚಿಸಿ ನೋಡಿ. ನಾವು ವೈರ್‌ಮನ್ ಕರೆಸಿ ಸ್ವಿಚ್ಚನ್ನು ಫೇಸಿಗೆ ಹಾಕಿಸಿಕೊಂಡೇ ಲೈಟ್ ಏರಿಸಿದ್ದು.

ಅಂಗಡಿಯವರು ಲೈಟ್ ಹಚ್ಚಿ ತೋರಿಸುತ್ತಾರೆ, ಹಿಂಭಾಗ ತೋರಿಸುವುದಿಲ್ಲ. ನೀವೇ ತಿರುಗಿಸಿ ನೋಡಿ ಕೊಳ್ಳಿ. ಹಾಲ್‌ಗೂ ಒಂದು ಬೇಕಾಗಿದೆ. ಗೇಣುದ್ದ ವೈರ್, ಜೊತೆಗೆ ಕನೆಕ್ಟರ್ ಕೊಡುವ ಬೇರೆ ಕಂಪನಿಯದು ಸಿಕ್ಕರೆ, ಸ್ವಲ್ಪ ಜಾಸ್ತಿ ದುಡ್ಡಾದರೂ ಅದನ್ನೇ ತರುತ್ತೇನೆ.