ಮಳೆಗಾಲದಲ್ಲಿ ಕಾತ್ಕರಿ ಪಾಡಾಗಳಿಗೆ ಸಹಾಯ: ಕಿಟ್, ಆನ್‌ಲೈನ್ ಚಂದಾ, ಸರ್ಕಾರ, ಬಚತ್ ಗಟ್, ಯಾವ್ದು ವಾಸಿ?

ಮುಂಬೈ ಹತ್ತಿರದ ಡೊಂಬಿವಲಿ, ಕಲ್ಯಾಣದ ನಾವೊಂದಿಷ್ಟು ಕನ್ನಡದವರು ಸೇರ್ಕೊಂಡು ಮುರ್ಬಾಡ್, ಕರ್ಜತ್ ಕಡೆ ಕಾತ್ಕರಿ, ಠಾಕರ್ ಆದಿವಾಸಿಗಳ ಪಾಡಾಗಳಿಗೆ, ಅಂದ್ರೆ ಸಣ್ಣ ಹಾಡಿಗಳಿಗೆ, ಮಳೆಗಾಲದಲ್ಲಿ ಕೈಲಾದಷ್ಟು ಕೊಡ್ತಾ ಬಂದಿದೀವಿ. ಯಾವ ದಾರೀಲಿ ಕೊಡೋದು ಒಳ್ಳೇದು ಅಂತ ಸುಮಾರು ಜನ ಕೇಳ್ತಿರ್ತಾರೆ, ಅದಕ್ಕೇ ಬರೀತಿದೀನಿ.

ಮೊದ್ಲು ಒಂದು ವಿಷಯ. ನಾಟಿ ಮುಗಿದ್ಮೇಲೆ ಆಗಸ್ಟಲ್ಲಿ ಕೂಲಿ ಇಲ್ಲ, ಮನೇಲಿ ಅಕ್ಕಿ ಇಲ್ಲ, ಅಂಥ ಹೊತ್ತಲ್ಲಿ ಮಗೂಗೆ ಜ್ವರ ಬಂತು ಅಂದ್ರೆ ತಕ್ಷಣ ದುಡ್ಡು ಕೊಡೋನು ಇಟ್ಟಿಗೆ ಭಟ್ಟಿಗೆ ಆಳು ಹಿಡಿಯೋ ಮುಕಾದಮ್ ಒಬ್ನೇ. ಫಾರ್ಮ್ ಕೇಳಲ್ಲ, ಆಧಾರ್ ಕೇಳಲ್ಲ, ಸಂಜೆಗೇ ಅಡ್ವಾನ್ಸ್ ಕೈಗಿಡ್ತಾನೆ, ದೀಪಾವಳಿ ಆದ್ಮೇಲೆ ಇಡೀ ಸಂಸಾರ ಭಟ್ಟೀಲಿ ದುಡಿದು ಅದನ್ನ ತೀರಿಸ್ಬೇಕು. ಜೀತ ನಿಷೇಧ ಕಾಯ್ದೆ 1976ರಲ್ಲೇ ಬಂದಿದೆ, ಆದ್ರೂ ಹೀಗೆ. ನಾವು ಅವನಿಗಿಂತ ಮೊದ್ಲು ತಲುಪ್ಬೇಕು, ನನ್ನ ಲೆಕ್ಕದಲ್ಲಿ ಅಷ್ಟೇ ಪರೀಕ್ಷೆ.

ದಿನಸಿ ಕಿಟ್ ಕೊಟ್ರೆ ಕೊಟ್ಟೋರಿಗೆ ಖುಷಿ. ಅಲ್ಲಿ ಉಣ್ಣೋದು ಅನ್ನ, ರಾಗಿ ಭಾಕ್ರಿ, ಒಣಮೀನು, ನಾವು ಒಯ್ದಿದ್ದು ಗೋಧಿಹಿಟ್ಟು. ಒಂದ್ಮನೇಲಿ ಮಾಡು ಸೋರ್ತಿತ್ತು, ಹಿಟ್ಟಿನ ಚೀಲ ಮೂಲೇಲಿ ಮುಗ್ಗಲು ಹಿಡಿದು ಕೂತಿತ್ತು, ಅವ್ರಿಗೆ ಬೇಕಿದ್ದಿದ್ದು ಒಂದು ತಾಡಪತ್ರಿ!

ಆನ್‌ಲೈನ್ ಚಂದಾ ದೊಡ್ಡ ಆಸ್ಪತ್ರೆ ಬಿಲ್‌ಗೆ ಸರಿ. ಸಣ್ಣ ತುರ್ತಿಗೆ ಆಗಲ್ಲ, ದಾಖಲೆ ಕೊಡಿ, ವೆರಿಫಿಕೇಶನ್ ಆಗ್ಲಿ ಅನ್ನೋಷ್ಟರಲ್ಲಿ ದಿನಗಳು ಹೋಗ್ತವೆ. ಒಂದು ಕಡೆಯವರಂತೂ ಮಗು ಹಾಸಿಗೆ ಮೇಲಿರೋ ಫೋಟೋನೇ ಬೇಕು ಅಂದ್ರು, ನಾವು ಕೊಡ್ಲಿಲ್ಲ.

ಸರ್ಕಾರದ್ದು ಹಕ್ಕಿನ ದುಡ್ಡು, ಅದನ್ನ ಬಿಡೋ ಹಾಗಿಲ್ಲ. ಮಳೆಗೆ ಗುಡಿಸಲು ಬಿದ್ರೆ ವಿಪತ್ತು ನಿಧಿಯಿಂದ ಪರಿಹಾರ ಸಿಗುತ್ತೆ (2022ರ ದರದಲ್ಲಿ 8,000 ರೂಪಾಯಿ), ಆದ್ರೆ ತಲಾಠಿ, ಅಂದ್ರೆ ಊರಿನ ಕಂದಾಯ ಅಧಿಕಾರಿ, ಬಂದು ಪಂಚನಾಮೆ ಮಾಡ್ಬೇಕು. ಮಳೆಗಾಲದ ಹಸಿವಿಗೆ ಅಂತಲೇ ಖಾವ್ಟಿ ಅನ್ನೋ ಸಾಲದ ಯೋಜನೆ ಇತ್ತು, 2020ರಲ್ಲಿ ಅದನ್ನ ಅನುದಾನ ಮಾಡಿ ಕುಟುಂಬಕ್ಕೆ 4,000, ಅರ್ಧ ಬ್ಯಾಂಕಿಗೆ ಅರ್ಧ ಸಾಮಾನು ಅಂದ್ರು. ಯೋಚನೆ ಸರಿಯಾಗೇ ಇದೆ. ಆದ್ರೆ ಎರಡು ವರ್ಷ ವ್ಯವಹಾರ ಇಲ್ಲ ಅಂದ್ರೆ ಖಾತೆ ನಿಷ್ಕ್ರಿಯ, ಮತ್ತೆ ಕೆವೈಸಿ, ಅದಕ್ಕೊಂದು ದಿನದ ಕೂಲಿ ಮತ್ತು ಜೀಪ್ ಬಾಡಿಗೆ. ಅದಕ್ಕೆ ನಾವು ಬೇಸಿಗೇಲೇ ಜೊತೆಗೆ ಹೋಗಿ ಖಾತೆ ಸರಿ ಮಾಡಿಸ್ತೀವಿ.

ನನ್ನ ಓಟು ಹೆಂಗಸರ ಉಳಿತಾಯ ಗುಂಪಿಗೆ, ಅಂದ್ರೆ ಬಚತ್ ಗಟ್‌ಗೆ. ಜೂನ್‌ಗಿಂತ ಮೊದ್ಲೇ ಪಾಡಾದ ಹೆಂಗಸರ ಗುಂಪಿನ ಕೈಗೆ ಒಂದಿಷ್ಟು ದುಡ್ಡು ಕೊಟ್ಟುಬಿಡ್ತೀವಿ, ಒಂದು ಮನೆಗೆ ಎರಡು ಸಾವಿರದವರೆಗೆ, ವಾಪಸ್ ಕೊಡೋ ಹಾಗಿಲ್ಲ, ಯಾರಿಗೆ ಅಂತ ನಿರ್ಧಾರ ಅವ್ರದ್ದೇ. ಒಂದು ನೋಟ್‌ಬುಕ್ ಇಟ್ಟಿದಾರೆ, ಹೆಸರು, ಮೊತ್ತ, ಹೆಬ್ಬೆಟ್ಟು, ಪಕ್ಕದಲ್ಲಿ ಕಾರಣ. 'ಹಾವು, ಜೀಪ್' ಅಂತ ಎರಡೇ ಪದ ಇರೋ ಸಾಲೊಂದಿದೆ. ಆ ರಾತ್ರಿ ನಮಗೆ ಫೋನೂ ಬರ್ಲಿಲ್ಲ, ಬರೋ ಅವಶ್ಯಕತೆನೂ ಇರ್ಲಿಲ್ಲ, ಜೀಪ್‌ನೋನಿಗೆ ದುಡ್ಡು ಅಲ್ಲೇ ಸಿಕ್ತು.

ಇದರಲ್ಲೂ ಕೊರತೆ ಇದೆ. ಗಟ್‌ನಲ್ಲಿ ಸಾಮಾನ್ಯವಾಗಿ ಠಾಕರ್ ಹೆಂಗಸರ ಮಾತು ನಡೆಯುತ್ತೆ, ಊರಾಚೆ ನಾಲ್ಕೈದು ಕಾತ್ಕರಿ ಗುಡಿಸಲು ಇದ್ರೆ ಅವು ಲೆಕ್ಕಕ್ಕೇ ಬರಲ್ಲ, ಅವರಲ್ಲಿ ಬಹಳ ಜನ ಆರು ತಿಂಗಳು ಭಟ್ಟೀಲಿರೋದ್ರಿಂದ ಗಟ್‌ಗೆ ಸೇರಿರೋದೂ ಇಲ್ಲ. ಹಂಗಾಗಿ ದುಡ್ಡು ತೆಗೆಯೋಕೆ ಹೆಬ್ಬೆಟ್ಟು ಒತ್ತೋ ಇಬ್ಬರಲ್ಲಿ ಒಬ್ಬಳು ಕಾತ್ಕರಿ ಮನೆಯವಳೇ ಆಗಿರ್ಬೇಕು ಅಂತ ಈಗ ಮೊದಲೇ ಮಾತಾಡ್ಕೊಂಡೇ ದುಡ್ಡು ಕೊಡ್ತೀವಿ.