ಹಿಮಬೆಟ್ಟದ ಚಳಿಯಲ್ಲಿ ಕೈಗೆ ಯಾವುದು: ಗ್ಲೌಸಾ, ಮಿಟನ್ನಾ?

ಹಿಮಬೆಟ್ಟಕ್ಕೆ ಹೋಗುವವರು ಕೈಗೆ ಹಾಕೋದನ್ನು ಬರೀ ಬೆಚ್ಚಗಿದೆಯಾ ಅಂತ ನೋಡಿ ಆರಿಸಬಾರದು. ಜೊತೆಯವರು ಹಿಮಕುಸಿತದಲ್ಲಿ ಹೂತುಹೋದರೆ ಅದೇ ಕೈಯಲ್ಲಿ ಹುಡುಕಬೇಕು, ಅಗೆಯಬೇಕು. ಪೂರ್ತಿ ಹೂತವರನ್ನು 10 ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆಯಾದರೆ ಸುಮಾರು ಮೂರೇ ಮಂದಿ.

ಅದಕ್ಕೇ ಐದು ಬೆರಳಿನ ಗ್ಲೌಸ್, ಮಿಟನ್, ಮೂರು ಬೆರಳಿನದು, ಬ್ಯಾಟರಿಯಿಂದ ಬಿಸಿಯಾಗುವ ಗ್ಲೌಸ್, ಈ ನಾಲ್ಕು ಬಗೆಯನ್ನೂ ಒಂದೇ ಕೆಲಸಕ್ಕೆ ಹಚ್ಚಿ ನೋಡಿದೆ. ಒಂದು ಬೀಕನ್ (ಹೂತವರನ್ನು ಹುಡುಕಲು ಮೈಮೇಲೆ ಕಟ್ಟಿಕೊಳ್ಳುವ, ಸಂಕೇತ ಕಳಿಸುವ ಮತ್ತು ಹಿಡಿಯುವ ರೇಡಿಯೋ ಸಾಧನ) ಚೀಲದಲ್ಲಿಟ್ಟು ಹೂಳುವುದು, ಇನ್ನೊಂದರಿಂದ ಅದನ್ನು ಹುಡುಕುವುದು, ಪ್ರೋಬ್ ಅನ್ನುವ, ದಾರ ಎಳೆದು ಜೋಡಿಸುವ ಉದ್ದ ಕೋಲನ್ನು ಹಿಮಕ್ಕೆ ಚುಚ್ಚಿ ಜಾಗ ಗೊತ್ತುಮಾಡಿ ಸಲಿಕೆಯಿಂದ ಅಗೆಯುವುದು. ಚಳಿ ಮೈನಸ್ 20ರ ಆಸುಪಾಸು, ಮೇಲಿಂದ ಗಾಳಿ.

ಐದು ಬೆರಳಿನ ಗ್ಲೌಸ್ ಕೆಲಸಕ್ಕೆ ಎಲ್ಲಕ್ಕಿಂತ ಸಲೀಸು. ಬೀಕನ್ನಿನ ಸ್ವಿಚ್ಚನ್ನು ಹುಡುಕುವ ಕಡೆಗೆ ತಿರುಗಿಸೋದು, ಪ್ರೋಬಿನ ದಾರ ಎಳೆದು ಬಿಗಿ ಮಾಡೋದು, ಎಲ್ಲ ತಡವಿಲ್ಲದೆ ಆಯಿತು. ಆದರೆ ಇಳಿಜಾರನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ನೆ ನಿಂತರೆ ಸಾಕು, ಕಿರುಬೆರಳ ತುದಿ ಮರಗಟ್ಟುತ್ತದೆ. ಮರಗಟ್ಟಿದ ಬೆರಳಿಗೆ ಎಷ್ಟು ಒಳ್ಳೆ ಗ್ಲೌಸ್ ಇದ್ದರೂ ಸ್ವಿಚ್ ಸಿಗಲ್ಲ.

ಮಿಟನ್‌ನಲ್ಲಿ ನಾಲ್ಕು ಬೆರಳೂ ಒಂದೇ ಗೂಡಿನಲ್ಲಿರುತ್ತವೆ, ಒಂದರ ಬಿಸಿ ಇನ್ನೊಂದಕ್ಕೆ. ಬೆಚ್ಚಗಿರುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಸಲಿಕೆ ಹಿಡಿಯಲು ಏನೂ ತೊಂದರೆಯಿಲ್ಲ. ತೊಡಕು ಸ್ವಿಚ್ಚಿನಲ್ಲಿ, ಪ್ರೋಬಿನ ದಾರದಲ್ಲಿ. ಒಳಗೆ ಲೈನರ್, ಅಂದರೆ ತೆಳು ಒಳಗ್ಲೌಸ್, ಹಾಕಿಕೊಂಡ ಮೇಲೆ ಅದೂ ಬಗೆಹರಿಯಿತು. ಮಿಟನ್ ಕಳಚಿದರೆ ಮಣಿಕಟ್ಟಿನ ಪಟ್ಟಿಯಲ್ಲಿ ನೇತಾಡುತ್ತದೆ, ಗಾಳಿಗೆ ಹಾರಿಹೋಗಲ್ಲ. ಲೈನರಿನಲ್ಲೇ ಸ್ವಿಚ್ ಒತ್ತಿ, ಪ್ರೋಬ್ ಜೋಡಿಸಿ, ಮತ್ತೆ ಕೈ ಒಳಗೆ. ಬರಿಗೈ ತಣ್ಣನೆಯ ಲೋಹಕ್ಕೆ ತಾಗುವುದೇ ಇಲ್ಲ. ಒಂದು ಮಾತು: ಅಗೆಯುವಾಗ ಕೈ ಒದ್ದೆಯಾಗೇ ಆಗುತ್ತದೆ. ಹಕ್ಕಿಯ ತುಪ್ಪುಳ ತುಂಬಿದ ಮಿಟನ್ ನೆನೆದರೆ ಅಂಟಿಕೊಂಡು ಚಪ್ಪಟೆಯಾಗುತ್ತದೆ, ಬಿಸಿ ಹಿಡಿಯಲ್ಲ. ಸಿಂಥೆಟಿಕ್ ತುಂಬಿದ್ದೇ ವಾಸಿ.

ಮೂರು ಬೆರಳಿನದು, ಅಂದರೆ ಹೆಬ್ಬೆರಳು, ತೋರುಬೆರಳು ಬೇರೆಬೇರೆ, ಉಳಿದ ಮೂರು ಒಟ್ಟಿಗೆ ಇರುವುದು, ಗ್ಲೌಸ್ ಮಿಟನ್ ಎರಡರ ನಡುವೆ ಅಂತ ಮಾರುತ್ತಾರೆ. ನನಗೆ ತೋರುಬೆರಳು ತಣ್ಣಗಾಯಿತು, ಕೆಲಸವೂ ಅಷ್ಟೇನು ಬೇಗ ಆಗಲಿಲ್ಲ.

ಬ್ಯಾಟರಿಯಿಂದ ಬಿಸಿಯಾಗುವ ಗ್ಲೌಸ್ ಹಾಕಿಕೊಂಡಾಗ ಬಲು ಹಿತ. ಆದರೆ ಹಿಮಕುಸಿತದ ಅಪಾಯವಿರುವ ಕಡೆ ನಾನು ಇದನ್ನು ಹಾಕಲ್ಲ. ಬೀಕನ್ 457 ಕಿಲೋಹರ್ಟ್ಜ್‌ನ ಸಂಕೇತದಲ್ಲಿ ಕೆಲಸ ಮಾಡುತ್ತದೆ. ಹತ್ತಿರದಲ್ಲಿ ಕರೆಂಟ್ ಹರಿಯುವ ತಂತಿ ಇದ್ದರೆ ಅದು ಗೊಂದಲಕ್ಕೆ ಬೀಳುತ್ತದೆ. ಹುಡುಕುವಾಗ ಇಂಥ ಸಾಧನಗಳು ಬೀಕನ್‌ನಿಂದ 50 ಸೆಂಟಿಮೀಟರ್, ಉಳಿದ ಹೊತ್ತು 20 ಸೆಂಟಿಮೀಟರ್ ದೂರವಿರಬೇಕು ಅನ್ನುವುದು ರೂಢಿಯ ನಿಯಮ. ಬೀಕನ್ ಹಿಡಿದ ಕೈಯಲ್ಲೇ ಗ್ಲೌಸ್ ಇರುವಾಗ ಆ ದೂರ ಎಲ್ಲಿಂದ ಬರಬೇಕು, ಅಲ್ವಾ? ಆಫ್ ಮಾಡಿದರೆ ಅದು ಮಾಮೂಲಿ ಗ್ಲೌಸೇ. ಚಳಿಗೆ ಬ್ಯಾಟರಿ ಬೇಗ ಇಳಿಯುವುದು ಬೇರೆ.

ಈಗ ನಾನು ಹಾಕುವುದು ಲೈನರ್, ಅದರ ಮೇಲೆ ಸಿಂಥೆಟಿಕ್ ಮಿಟನ್. ಜಾಕೆಟ್ಟಿನ ಒಳಜೇಬಲ್ಲಿ ಒಂದು ಜೊತೆ ಒಣ ಗ್ಲೌಸ್ ಇರುತ್ತದೆ. ನೀವು ಕೊಳ್ಳುವಾಗ ಬೀಕನ್, ಪ್ರೋಬ್ ಎರಡನ್ನೂ ಜೊತೆಗೆ ಒಯ್ಯಿರಿ. ಲೈನರ್ ಹಾಕಿದ ಕೈಯಲ್ಲಿ ಸ್ವಿಚ್ ತಿರುಗಿಸಿ, ಪ್ರೋಬ್ ಜೋಡಿಸಿ ನೋಡಿ. ತಡವರಿಸಿದರೆ ಬೇರೆ ಜೊತೆ ಕೇಳಿ.