ಬೇಲೂರಿನ ನವರಂಗಕ್ಕೆ ಯಾವ ಲೆನ್ಸ್? ಹೆಚ್ಚು ದುಡ್ಡಿಲ್ಲದೆ ಕಡಿಮೆ ಬೆಳಕಿನಲ್ಲಿ ಫೋಟೋ ತೆಗೆಯುವವರಿಗೆ

ಬೇಲೂರಿನ ಚೆನ್ನಕೇಶವ ದೇವಸ್ಥಾನದ ಹೊರಗೋಡೆಗೆ ಯಾವ ಲೆನ್ಸ್ ಆದರೂ ನಡೆಯುತ್ತದೆ. ಕಷ್ಟ ಶುರುವಾಗುವುದು ಹೊಸ್ತಿಲು ದಾಟಿ ಒಳಗಿನ ಕಂಬಗಳ ಮಂಟಪವಾದ ನವರಂಗಕ್ಕೆ ಕಾಲಿಟ್ಟ ಮೇಲೆ. ಹಗಲಿನ ಬೆಳಕು ಬಾಗಿಲುಗಳಿಂದಲೂ ಜಾಲಂಧ್ರಗಳೆಂಬ ತೂತುಗಳ ಕಲ್ಲಿನ ಕಿಟಕಿಗಳಿಂದಲೂ ಅಷ್ಟಿಷ್ಟು ಒಳಗೆ ಬರುತ್ತದೆ, ಕಂಬಗಳೋ ನುಣುಪಾಗಿ ಕಡೆದ ಕಪ್ಪು ಕಲ್ಲಿನವು. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಬೇಕಾದರೆ ಮೊದಲೇ ಅನುಮತಿ ಬೇಕು. ಫ್ಲಾಶ್ ಹಾಕಿದರೆ ನುಣುಪು ಕಂಬದ ಮೇಲೆ ಒಂದು ಬಿಳಿ ಚುಕ್ಕೆ ಮಾತ್ರ ಉಳಿಯುತ್ತದೆ, ಕೆತ್ತನೆಯ ಆಳ ಸತ್ತುಹೋಗುತ್ತದೆ. ಹಾಗಾಗಿ ಕ್ಯಾಮೆರಾ ಕೈಯಲ್ಲೇ ಹಿಡಿದು, ಇದ್ದ ಬೆಳಕಿನಲ್ಲೇ ತೆಗೆಯಬೇಕು. ಹಾಸನ, ಚಿಕ್ಕಮಗಳೂರು ಸುತ್ತುವವರಿಗೆ ಲೆನ್ಸ್ ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇಲ್ಲಿ ಗೆದ್ದದ್ದು ಹಳೇಬೀಡಿನಲ್ಲೂ ಬೆಳವಾಡಿಯಲ್ಲೂ ಗೆಲ್ಲುತ್ತದೆ.

ಎಪಿಎಸ್‌-ಸಿ ಎಂಬ ಸಣ್ಣ ಸೆನ್ಸರ್‌ನ ನಿಕಾನ್ ಅಥವಾ ಕ್ಯಾನನ್ ಡಿಎಸ್‌ಎಲ್‌ಆರ್ ಇರುವವರಿಗೆ ನಮ್ಮ ಮೊದಲ ಆಯ್ಕೆ ಸಿಗ್ಮಾ 17-50 ಎಫ್ 2.8 ಓಎಸ್. 17-50 ಎಂಬುದು ಝೂಮ್ ವ್ಯಾಪ್ತಿ, ಮಿ.ಮೀ. ಕಡಿಮೆಯಾದಷ್ಟೂ ನೋಟ ಅಗಲ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ, ಅಂದರೆ ಅಪರ್ಚರ್, ದೊಡ್ಡದು, ಬೆಳಕು ಹೆಚ್ಚು. ಓಎಸ್ ಎಂದರೆ ಕೈನಡುಕ ತಡೆಯುವ ಸ್ಟೆಬಿಲೈಸೇಷನ್. 2010ರ ಲೆನ್ಸ್ ಇದು, ಈಗ ಹೆಚ್ಚಾಗಿ ಸೆಕೆಂಡ್ ಹ್ಯಾಂಡ್‌ನಲ್ಲೇ ಹುಡುಕಬೇಕು. ಎಫ್ 1.8 ಲೆನ್ಸ್ ಇನ್ನೂ ಅಗ್ಗಕ್ಕೆ ಸಿಗುವಾಗ ಇದೇಕೆ ಎಂದು ಯಾರಾದರೂ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. ಕಂಬದ ತುದಿಯ ಮದನಿಕೆಯನ್ನು 50 ಮಿ.ಮೀ.ನಲ್ಲಿ ತೆಗೆಯುತ್ತಿದ್ದೀರಿ, ಎಫ್ 2.8, ಶಟರ್ 1/15 ಸೆಕೆಂಡ್, ಐಎಸ್‌ಒ (ಬೆಳಕನ್ನು ಹಿಗ್ಗಿಸುವ ಮಟ್ಟ, ಏರಿದಷ್ಟೂ ಚಿತ್ರ ಕಾಳುಕಾಳು) 1600ಕ್ಕೆ ಬೆಳಕು ಸರಿಹೋಯಿತು ಎಂದುಕೊಳ್ಳಿ. ಲೆನ್ಸಿನೊಳಗಿನ ಸ್ಟೆಬಿಲೈಸೇಷನ್ ಆನ್ ಇದ್ದರೆ 1/15 ಕೈಯಲ್ಲಿ ನಿಲ್ಲುತ್ತದೆ. ಅದೇ ಬೆಳಕಿನಲ್ಲಿ ಸ್ಟೆಬಿಲೈಸೇಷನ್ ಇಲ್ಲದ 35 ಮಿ.ಮೀ. ಎಫ್ 1.8 ಹಾಕಿದರೆ ಕೈನಡುಕ ತಪ್ಪಿಸಲು ಕನಿಷ್ಠ 1/60 ಬೇಕು. ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ. ಅಪರ್ಚರ್‌ನಲ್ಲಿ ಒಂದೂಕಾಲು ಸ್ಟಾಪ್ ಗಳಿಸಿ ಶಟರ್‌ನಲ್ಲಿ ಎರಡು ಸ್ಟಾಪ್ ಕಳೆದುಕೊಂಡಂತಾಯಿತು, ಐಎಸ್‌ಒ 2500 ದಾಟುತ್ತದೆ. ಮೇಲಾಗಿ ಮದನಿಕೆಯ ಮುಖ ಫೋಕಸ್‌ನಲ್ಲಿದ್ದರೆ ಹಿಂದಿನ ಬಳ್ಳಿಯ ಕೆತ್ತನೆ ಮಸುಕಾಗಿರುತ್ತದೆ. ಕಲ್ಲು ಅಲುಗಾಡುವುದಿಲ್ಲವಲ್ಲ, ಅಲುಗಾಡುವುದು ನಮ್ಮ ಕೈ. ಕೈಗೆ ಮದ್ದು ಸ್ಟೆಬಿಲೈಸೇಷನ್.

ಎರಡನೆಯ ಕಾರಣ ಜಾಗ. ನವರಂಗದಲ್ಲಿ ಎರಡು ಮೀಟರ್ ಹಿಂದೆ ಸರಿದರೆ ಬೆನ್ನಿಗೆ ಇನ್ನೊಂದು ಕಂಬ ತಾಗುತ್ತದೆ, ಇಲ್ಲವೇ ಹಿಂದೆ ನಿಂತವರ ಕಾಲು ತುಳಿಯುತ್ತೀರಿ. ಆ ದೂರದಲ್ಲಿ 35 ಮಿ.ಮೀ. ಲೆನ್ಸ್ ಅಡ್ಡಕ್ಕೆ ಹಿಡಿಯುವುದು ಸುಮಾರು 1.3 ಮೀಟರ್ ಅಗಲ. 17 ಮಿ.ಮೀ. ಹಿಡಿಯುವುದು 2.6 ಮೀಟರಿಗೂ ಹೆಚ್ಚು. ನಡುವಿನ ಭುವನೇಶ್ವರಿಯ ಛಾವಣಿ ಚೌಕಟ್ಟಿಗೆ ಕೂರಬೇಕಾದರೆ ಎರಡನೆಯದೇ ಬೇಕು.

ಒಂದು ಮಾತು ಮುಚ್ಚಿಡಬಾರದು. ಪೂರ್ತಿ ಅಗಲಕ್ಕೆ ತಿರುಗಿಸಿದಾಗ ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಕೂಡ ಎಫ್ 3.5 ಕೊಡುತ್ತದೆ, 2.8ಕ್ಕಿಂತ ಮುಕ್ಕಾಲು ಸ್ಟಾಪ್‌ನಷ್ಟೂ ಹಿಂದಿಲ್ಲ. ಝೂಮ್ ಮಾಡುತ್ತ ಹೋದಂತೆ ಅದು 5.6ಕ್ಕೆ ಕುಸಿಯುತ್ತದೆ, ಅಲ್ಲಿ ಎಫ್ 2.8 ನಾಲ್ಕು ಪಟ್ಟು ಬೆಳಕು ಬಿಡುತ್ತದೆ. ಆದ್ದರಿಂದ ಛಾವಣಿ, ಮಂಟಪದ ಅಗಲ ನೋಟ ಇಷ್ಟೇ ಸಾಕು ಎನ್ನುವವರು ಸ್ಟೆಬಿಲೈಸೇಷನ್ ಇರುವ ಕಿಟ್ ಲೆನ್ಸನ್ನೇ 18ರಲ್ಲಿಟ್ಟು ತೆಗೆಯಲಿ. ದುಡ್ಡು ಉಳಿಯುತ್ತದೆ.

ಸಿಗ್ಮಾದ ಕೊರತೆಗಳು ಹೀಗಿವೆ. ತೂಕ 565 ಗ್ರಾಂ, ಸಣ್ಣ ಬಾಡಿಗೆ ಹಾಕಿದರೆ ಮೂತಿ ಮುಂದಕ್ಕೆ ವಾಲುತ್ತದೆ. ಫಿಲ್ಟರ್ ಅಳತೆ 77 ಮಿ.ಮೀ., ಎಂದರೆ ಫಿಲ್ಟರ್ ಕೂಡ ದುಬಾರಿ. ಎಫ್ 2.8ರಲ್ಲಿ ಮಧ್ಯಭಾಗ ಚೂಪಾಗಿದ್ದರೂ ಮೂಲೆಗಳು ಮೆತ್ತಗಿರುತ್ತವೆ, ಎಫ್ 4ಕ್ಕೆ ಇಳಿಸಿದರೆ ಸುಧಾರಿಸುತ್ತವೆ. ದೊಡ್ಡ ತಲೆನೋವು ಫೋಕಸ್ ಮುಂದೆ ಅಥವಾ ಹಿಂದೆ ಬೀಳುವುದು. ನಿಕಾನ್ ಡಿ3500, ಡಿ5600, ಕ್ಯಾನನ್ 1500ಡಿ, 200ಡಿ ಬಾಡಿಗಳಲ್ಲಿ ಇದನ್ನು ಸರಿಪಡಿಸುವ ಮೆನು ಇಲ್ಲ. ಕ್ಯಾನನ್ 80ಡಿ, ನಿಕಾನ್ ಡಿ7200 ಥರದವುಗಳಲ್ಲಿ ಇದೆ. ಇಲ್ಲದವರು ಲೈವ್ ವ್ಯೂ (ಹಿಂದಿನ ಪರದೆಯಲ್ಲಿ ನೋಡಿ ತೆಗೆಯುವುದು) ಆನ್ ಮಾಡಿ ಫೋಕಸ್ ಮಾಡಿದರೆ ಈ ದೋಷ ಬರುವುದಿಲ್ಲ, ಏಕೆಂದರೆ ಆಗ ಫೋಕಸ್ ಲೆಕ್ಕ ನೇರವಾಗಿ ಚಿತ್ರದ ಸೆನ್ಸರ್‌ನಿಂದಲೇ ನಡೆಯುತ್ತದೆ. ನಿಧಾನ, ಆದರೆ ಕಲ್ಲಿಗೆ ಅವಸರವಿಲ್ಲ.

ಕಂಬದ ಮುಂದೆ ನಿಂತಾಗ ಎರಡು ವಿಷಯ ಗಮನಿಸಿ. ನಯವಾದ ಕಪ್ಪು ಮೈ ಮೇಲೆ ಫೋಕಸ್ ಬಿಂದು ಇಟ್ಟರೆ ಲೆನ್ಸ್ ಹಿಂದೆ ಮುಂದೆ ಹುಡುಕಾಡುತ್ತಲೇ ಇರುತ್ತದೆ. ಕಡೆತದ ಬಳೆಯಂಥ ಅಂಚು ಇದೆಯಲ್ಲ, ಬೆಳಕು ಗೆರೆಯಾಗಿ ಮಿಂಚುವ ಜಾಗ, ಅಲ್ಲಿಗೆ ಮಧ್ಯದ ಬಿಂದು ಇಡಿ, ಥಟ್ಟನೆ ಹಿಡಿಯುತ್ತದೆ. ಡಿ3500ರ 11 ಬಿಂದುಗಳಲ್ಲಿ ಮಧ್ಯದ್ದೊಂದೇ ಅಡ್ಡ, ಉದ್ದ ಎರಡೂ ಗೆರೆ ಗುರುತಿಸುವ ಕ್ರಾಸ್ ಟೈಪ್, ಉಳಿದವುಗಳನ್ನು ಕತ್ತಲಲ್ಲಿ ನಂಬಬೇಡಿ. ಇನ್ನೊಂದು ಮೀಟರಿಂಗ್, ಅಂದರೆ ಕ್ಯಾಮೆರಾ ಬೆಳಕು ಅಳೆಯುವ ರೀತಿ. ಚೌಕಟ್ಟಿನ ತುಂಬ ಕಂಬವೇ ಇದ್ದರೆ ಕ್ಯಾಮೆರಾ ಕಪ್ಪನ್ನು ಬೂದು ಮಾಡಲು ಹೊರಟು ಶಟರ್ ಇಳಿಸುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೈನಸ್ 1 ಇಟ್ಟರೆ ಕಲ್ಲು ಕಲ್ಲಿನ ಬಣ್ಣಕ್ಕೇ ಬರುತ್ತದೆ, ಒಂದು ಸ್ಟಾಪ್ ಶಟರ್ ಪುಕ್ಕಟೆ ಸಿಗುತ್ತದೆ. ಚೌಕಟ್ಟಿನೊಳಗೆ ಜಾಲಂಧ್ರ ಬಂದರೆ ಎಲ್ಲ ತಲೆಕೆಳಗು: ಕ್ಯಾಮೆರಾ ಆ ಬೆಳಕಿಗೆ ಹೆದರಿ ಕಂಬವನ್ನು ಕತ್ತಲಿಗೆ ತಳ್ಳುತ್ತದೆ. ಆಗ ಒಂದು ಚುಕ್ಕೆಯಷ್ಟು ಜಾಗದ ಬೆಳಕನ್ನು ಮಾತ್ರ ಅಳೆಯುವ ಸ್ಪಾಟ್ ಮೀಟರ್ ಅನ್ನು ಕಂಬಕ್ಕೆ ಹಿಡಿದು, ಆಮೇಲೆ ತಿದ್ದಲು ಅನುಕೂಲವಾದ ರಾ ಫೈಲ್‌ನಲ್ಲಿ ತೆಗೆಯಿರಿ. ಯುವಿ ಫಿಲ್ಟರ್ ಇದ್ದರೆ ಒಳಗೆ ಹೋಗುವ ಮುಂಚೆ ಬಿಚ್ಚಿಡಿ, ಕತ್ತಲಲ್ಲಿ ಒಂದು ದೀಪ ಇದ್ದರೂ ಅದರ ಹಸಿರು ನೆರಳು ಚಿತ್ರದ ಇನ್ನೊಂದು ಮೂಲೆಯಲ್ಲಿ ತೇಲುತ್ತದೆ.

ಟ್ಯಾಮ್ರಾನ್ 17-50 ಎಫ್ 2.8 ಕೂಡ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ. ಸ್ಟೆಬಿಲೈಸೇಷನ್ ಇಲ್ಲದ್ದು ಹಗುರ, ಚೂಪು. ವಿಸಿ ಎಂದು ಬರೆದದ್ದರಲ್ಲಿ ಸ್ಟೆಬಿಲೈಸೇಷನ್ ಇದೆ, ಚೂಪು ಕಡಿಮೆ. ಗುಡಿಗಾದರೆ ವಿಸಿ ಇರುವುದನ್ನೇ ನೋಡಿ.

ಜನರ ಫೋಟೋ ಮುಖ್ಯ ಎನ್ನುವವರಿಗೆ ನಮ್ಮ ತೀರ್ಪು ಬೇರೆ. ದೀಪಾವಳಿಯ ಹೊತ್ತಿಗೆ ಹಾಸನಾಂಬ ಬಾಗಿಲು ತೆರೆದಾಗ ಸರದಿಯಲ್ಲಿ ನಿಂತವರ ಮುಖ, ಸಂಜೆಗತ್ತಲಲ್ಲಿ ಕಾಫಿ ಕಣದಲ್ಲಿ ಹಣ್ಣು ಹರವುವ ಕೈ, ಇವು 1/15ಕ್ಕೆ ನಿಲ್ಲುವುದಿಲ್ಲ. ಸ್ಟೆಬಿಲೈಸೇಷನ್ ನಿಮ್ಮ ಕೈ ಹಿಡಿದೀತು, ಅವರ ಕೈ ಹಿಡಿಯಲಾರದು. 1/125 ಬೇಕೇ ಬೇಕು, ಎಫ್ 1.8 ಬೇಕೇ ಬೇಕು. ನಿಕಾನ್‌ಗೆ ಡಿಎಕ್ಸ್ 35 ಮಿ.ಮೀ. ಎಫ್ 1.8ಜಿ: ಸುಮಾರು 200 ಗ್ರಾಂ, 30 ಸೆಂ.ಮೀ.ವರೆಗೆ ಹತ್ತಿರ ಹೋಗಬಹುದು. ಒಂದು ಮೀಟರ್ ದೂರದಲ್ಲಿ ಎಫ್ 1.8ರಲ್ಲಿ ಫೋಕಸ್ ಆಗುವುದು ಸುಮಾರು ಆರು ಸೆಂಟಿಮೀಟರ್ ಆಳ ಮಾತ್ರ, ಕಣ್ಣಿಗೆ ಇಟ್ಟರೆ ಕಿವಿ ಮಸುಕು. ಬಲ್ಬಿನ ಅಂಚಿನಲ್ಲಿ ನೇರಳೆ, ಹಸಿರು ಗೆರೆ ಬರುತ್ತದೆ, ಎಫ್ 2.8ರ ಹೊತ್ತಿಗೆ ಬಹಳ ಮಟ್ಟಿಗೆ ಹೋಗುತ್ತದೆ. ಕೊಳ್ಳುವಾಗ ಹೆಸರಿನ ಕೊನೆಯ ಅಕ್ಷರ ನೋಡಿ. 35 ಎಫ್ 2ಡಿ, 50 ಎಫ್ 1.8ಡಿ ಎಂಬ ಹಳೆಯ ಲೆನ್ಸ್‌ಗಳು ಅಗ್ಗಕ್ಕೆ ಕಣ್ಣಿಗೆ ಬೀಳುತ್ತವೆ, ಆದರೆ ಅವುಗಳಲ್ಲಿ ಮೋಟಾರ್ ಇಲ್ಲ. ಡಿ3000, ಡಿ5000 ಸರಣಿಯ ಬಾಡಿಯಲ್ಲೂ ಇಲ್ಲ. ಆಟೋಫೋಕಸ್ ನಡೆಯುವುದೇ ಇಲ್ಲ.

ಕ್ಯಾನನ್‌ನವರು ಮೊದಲು ಕೈ ಹಾಕುವುದು 50 ಮಿ.ಮೀ. ಎಫ್ 1.8 ಎಸ್‌ಟಿಎಂಗೆ. 160 ಗ್ರಾಂ, ಈ ಸಾಲಿನಲ್ಲಿ ಎಲ್ಲಕ್ಕಿಂತ ಅಗ್ಗ. ಒಂದೇ ಲೆನ್ಸ್ ಇಟ್ಟುಕೊಂಡು ಊರು ಸುತ್ತಲು ಅದನ್ನು ಒಪ್ಪಲಾಗದು: ಕ್ಯಾನನ್‌ನ ಸಣ್ಣ ಸೆನ್ಸರ್ ಮೇಲೆ ಅದು ದೊಡ್ಡ (ಫುಲ್ ಫ್ರೇಮ್) ಸೆನ್ಸರ್ ಮೇಲಿನ 80 ಮಿ.ಮೀ. ಇದ್ದಂತೆ, ಎರಡು ಮೀಟರ್ ದೂರದಿಂದ 90 ಸೆಂ.ಮೀ. ಅಗಲವೂ ಸಿಗುವುದಿಲ್ಲ. ಮುಖಕ್ಕೆ ಸೊಗಸು, ಗುಡಿಗೆ ಇಕ್ಕಟ್ಟು. ಹತ್ತಿರಕ್ಕೆ ಫೋಕಸ್ ಮಾಡಿದಾಗ ಇದರ ಮುಂಭಾಗ ಹೊರಗೆ ಚಾಚುತ್ತದೆ. ಹಾಗೇ ಆಫ್ ಮಾಡಿ ಬ್ಯಾಗಿಗೆ ತುರುಕಿದರೆ ಏಟು ನೇರ ಫೋಕಸ್ ಗೇರಿಗೆ ಬೀಳುತ್ತದೆ. ದೂರದ ಮರಕ್ಕೆ ಒಮ್ಮೆ ಫೋಕಸ್ ಮಾಡಿ, ಒಳಗೆ ಸರಿದ ಮೇಲೆ ಆಫ್ ಮಾಡಿ.

ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಇದ್ದವರ ದಾರಿ ಸುಲಭ. ಸಿಗ್ಮಾ 18-50 ಎಫ್ 2.8 ಡಿಸಿ ಡಿಎನ್ ಸೋನಿಗೆ 2021ರಲ್ಲಿ ಬಂತು, ಕ್ಯಾನನ್ ಆರ್‌ಎಫ್‌ಗೆ 2024ರಲ್ಲಿ. ಸೋನಿಯದ್ದು 290 ಗ್ರಾಂ ಅಷ್ಟೇ. ಸ್ಟೆಬಿಲೈಸೇಷನ್ ಮಾತ್ರ ಇಲ್ಲ. ಸೋನಿ ಎ6400 ಬಾಡಿಯಲ್ಲೂ ಇಲ್ಲ, ಎ6600ರಲ್ಲಿ ಇದೆ. ಎ6400 ಇರುವವರು ಗುಡಿಯೊಳಗೆ ಸ್ಟೆಬಿಲೈಸೇಷನ್ ಇರುವ ಸೋನಿ 35 ಎಫ್ 1.8 ಓಎಸ್‌ಎಸ್ ಬಗ್ಗೆಯೂ ಯೋಚಿಸಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಓರೆಯಾಗಿ ನೋಡಿ. ಧೂಳಿನ ಕಣ ನಾಲ್ಕಿದ್ದರೆ ಚಿಂತೆಯಿಲ್ಲ. ಜೇಡರ ಬಲೆಯ ಎಳೆಯಂತೆ ಕವಲೊಡೆದದ್ದು ಕಂಡರೆ ಅದು ಫಂಗಸ್, ಬೆಲೆ ಎಷ್ಟೇ ಇಳಿಸಿದರೂ ಬೇಡ ಎನ್ನಿ. ಅಪರ್ಚರ್ ಎಲೆಗಳ ಮೇಲೆ ಎಣ್ಣೆಯ ಹೊಳಪು ಇರಬಾರದು. ಆಮೇಲೆ ಇಟ್ಟಿಗೆ ಗೋಡೆಯ ಎದುರು ನೆಟ್ಟಗೆ ನಿಂತು 17ರಲ್ಲೂ 50ರಲ್ಲೂ ಎಫ್ 2.8ಕ್ಕೆ ತೆಗೆದು ನಾಲ್ಕು ಮೂಲೆ ಹೋಲಿಸಿ. ನಾಲ್ಕೂ ಒಂದೇ ಥರ ಮೆತ್ತಗಿದ್ದರೆ ಅದು ಲೆನ್ಸಿನ ಸ್ವಭಾವ. ಒಂದು ಮೂಲೆ ಮಾತ್ರ ಕಲಸಿಹೋಗಿದ್ದರೆ ಒಳಗಿನ ಗಾಜು ಜರುಗಿದೆ, ಬಹುಶಃ ಯಾವಾಗಲೋ ಬಿದ್ದಿದೆ. ಮದುವೆ ಫೋಟೋದವರ ಕೈಯಿಂದ ಬಂದದ್ದಾದರೆ ಸ್ಟೆಬಿಲೈಸೇಷನ್ ಆನ್ ಮಾಡಿ ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ಶಟರ್ ಅರ್ಧ ಒತ್ತಿ. ಚಿತ್ರ ಶಾಂತವಾಗಿ ನಿಲ್ಲಬೇಕು, ಕುಣಿಯಬಾರದು.

ಫಂಗಸ್ ವಿಷಯ ಮಲೆನಾಡಿನವರಿಗೆ ಹೊಸದಲ್ಲ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಕ್ಯಾಮೆರಾ ಬ್ಯಾಗಿನೊಳಗಿನ ಲೆನ್ಸಿನ ಗತಿ ಇನ್ನೇನು. ಬ್ಯಾಗೂ ಚರ್ಮದ ಪೌಚೂ ತೇವ ಹೀರಿ ಹಿಡಿದಿಡುತ್ತವೆ, ಅವುಗಳಲ್ಲಿ ಇಡಲೇಬೇಡಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕ ಸಾಕು. ಮಾಪಕ 40ರಿಂದ 50 ಪ್ರತಿಶತದ ನಡುವೆ ಇರಲಿ. ಜೆಲ್ ಬದಲು ಅಕ್ಕಿ ಹಾಕಬೇಡಿ, ಅದರ ಹಿಟ್ಟು ಝೂಮ್ ಕೊಳವೆಯೊಳಗೆ ಸೇರುತ್ತದೆ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ, ನೀಲಿಯದು ಗುಲಾಬಿಯಾದರೆ ತೇವ ತುಂಬಿತು ಎಂದರ್ಥ. ಹಳೆಯ ಬಾಣಲೆಯಲ್ಲಿ ಸಣ್ಣ ಉರಿಗೆ ಬಣ್ಣ ತಿರುಗುವವರೆಗೆ ಹುರಿದು, ಆರಿದ ಮೇಲೆ ಮತ್ತೆ ಡಬ್ಬಿಗೆ ಹಾಕಿ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಆ ಬಾಣಲೆ ಮತ್ತೆ ಅಡುಗೆಗೆ ಬೇಡ.

ಮುಳ್ಳಯ್ಯನಗಿರಿಯ ಬೆಳಗಿನ ಚಳಿಯಿಂದ ಇಳಿದು ನೇರ ಹೋಂಸ್ಟೇಯ ಬಿಸಿ ಅಡುಗೆಮನೆಗೆ ಕ್ಯಾಮೆರಾ ತಂದರೂ ಗಾಜಿನ ಮೇಲೆ ಹನಿ ಕಟ್ಟುತ್ತದೆ, ಏಸಿ ಕಾರಿನಿಂದ ಮಳೆಗಾಲದ ತೋಟಕ್ಕೆ ಇಳಿದರೂ ಅಷ್ಟೇ. ಮೊದಲೇ ಝಿಪ್ ಕವರಿನಲ್ಲಿ ಹಾಕಿ ಗಾಳಿ ಹಿಂಡಿ ಮುಚ್ಚಿ, ಅರ್ಧ ಗಂಟೆ ಬಿಟ್ಟು ತೆರೆಯಿರಿ. ಹನಿ ಕವರಿನ ಹೊರಮೈ ಮೇಲೆ ಕಟ್ಟುತ್ತದೆ, ಲೆನ್ಸ್ ಒಣಗಿರುತ್ತದೆ.